ತಿಮ್ಮಕ್ಕನ ಕೊಳದಪ್ಪಲೆ

ಪ್ರತಿ ಮನೆತನದಲ್ಲೂ ಒಬ್ಬರಿಗಾದರೂ ವಂಶವೃಕ್ಷದ ಹುಚ್ಚು ಹಿಡಿದಿರುತ್ತದೆ. ಸಾಮಾನ್ಯವಾಗಿ ಅದು ನಿವೃತ್ತಿಯ ಮಾರನೆಯ ವರ್ಷ ಶುರುವಾಗುತ್ತದೆ. ಮದುವೆ ಮುಂಜಿಗೆ ಹೋದರೂ ಇವರ ಗಮನ ಎಲೆಯ ಮೇಲಿರುವುದಿಲ್ಲ, ಪಕ್ಕದಲ್ಲಿ ಕೂತ ಮುದುಕರ ಮೇಲಿರುತ್ತದೆ. ಪಾಯಸ ಬರುವಷ್ಟರಲ್ಲಿ ಆ ಮುದುಕರ ಮುತ್ತಾತನ ಹೆಸರು ಇವರ ಜೇಬಿನ ಚೀಟಿಗೆ ಇಳಿದಿರುತ್ತದೆ. ನಮ್ಮಲ್ಲಿ ಇಂಥವರು ಇಬ್ಬರು. ತಂದೆಯ ಕಡೆ ದೊಡ್ಡಪ್ಪನ ಮಗ, ತಾಯಿಯ ಕಡೆ ಸೋದರಮಾವ. ಒಬ್ಬರ ಫೈಲು ನ್ಯೂಜೆರ್ಸಿಯಲ್ಲಿ ಬೆಳೆಯಿತು, ಇನ್ನೊಬ್ಬರದು ತಿಪಟೂರಿನಲ್ಲಿ. ನಮ್ಮ ಕಡೆ ಸಂಬಂಧದಲ್ಲೇ ಕೊಟ್ಟು ತರುವ ರೂಢಿಯಿದ್ದದ್ದರಿಂದ ಎರಡು ಫೈಲಿನಲ್ಲೂ ಬಂದುಹೋಗುವ ಜನ ಬೇಕಾದಷ್ಟಿದ್ದರು. ಎರಡನ್ನೂ ಸೇರಿಸಿ ಒಂದು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎರಡೂ ಕಡೆಯವರು ಸಲಿಗೆಯಿಂದ ಬೈಯಬಹುದಾದ ವ್ಯಕ್ತಿ ನಾನೊಬ್ಬನೇ ಎಂಬುದು ನನ್ನ ಅರ್ಹತೆ.

ಬೇರೆ ಬೇರೆ ತಂತ್ರಾಂಶಗಳಲ್ಲಿ ಮಾಡಿದ ಫೈಲುಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯಲಿ ಎಂದು ಜೆಡ್‌ಕಾಮ್ ಎಂಬ ಏರ್ಪಾಡಿದೆ. 1984ರಲ್ಲಿ ಅದನ್ನು ರೂಪಿಸಿದವರು ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ ಚರ್ಚಿನವರು. ಸತ್ತುಹೋದ ಹಿರಿಯರ ಪರವಾಗಿ ತಮ್ಮ ದೇವಾಲಯದಲ್ಲಿ ಸಂಸ್ಕಾರ ನಡೆಸುವ ನಂಬಿಕೆ ಅವರದು, ಹಾಗಾಗಿ ಹೆಸರುಗಳು ಬೇಕು. ನಮ್ಮ ಶ್ರಾದ್ಧದಲ್ಲಿ ಪುರೋಹಿತರು ಮೂರು ತಲೆಮಾರು ಕೇಳಿ ಸುಮ್ಮನಾಗುತ್ತಾರೆ, ಅವರು ಸುಮ್ಮನಾಗಲಿಲ್ಲ, ಅಷ್ಟೇ. ಜೆಡ್‌ಕಾಮ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾದಾ ಅಕ್ಷರಗಳೇ ಕಾಣುತ್ತವೆ. ಸೊನ್ನೆಯಿಂದ ಶುರುವಾಗುವ ಸಾಲಿನಲ್ಲಿ ಒಬ್ಬ ಮನುಷ್ಯ ಮತ್ತು ಅವನ ಸಂಖ್ಯೆ, ಅದರ ಕೆಳಗೆ ಒಂದರ ಸಾಲಿನಲ್ಲಿ ಅವನ ಹೆಸರು, ಹುಟ್ಟು, ಸಾವು, ಅವುಗಳ ಕೆಳಗೆ ಎರಡರ ಸಾಲಿನಲ್ಲಿ ತಾರೀಕು, ಊರು. ಗಂಡ, ಹೆಂಡತಿ, ಮಕ್ಕಳನ್ನು ಕಟ್ಟಿಹಾಕುವ ಕುಟುಂಬದ ಕಂತೆ ಬೇರೆ.

ಗ್ರಾಂಪ್ಸ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಒಂದು ಫೈಲು ತೆರೆದು ಇನ್ನೊಂದನ್ನು ಇಂಪೋರ್ಟ್ ಮಾಡಿದರೆ ಎರಡನೆಯದರ ಜನರೆಲ್ಲ ಮೊದಲನೆಯದರೊಳಕ್ಕೆ ಇಳಿಯುತ್ತಾರೆ. ಇಳಿದವರು ಯಾರ ಪರಿಚಯವೂ ಇಲ್ಲದವರ ಹಾಗೆ ದೂರ ನಿಲ್ಲುತ್ತಾರೆ. ಅದೇ ತಾತ ಎರಡು ಸಲ, ಅದೇ ಅಜ್ಜಿ ಎರಡು ಸಲ. ಯಾರು ಯಾರ ಪ್ರತಿ ಎಂದು ತಂತ್ರಾಂಶ ಒಂದು ಅಂದಾಜು ಪಟ್ಟಿ ಕೊಡುತ್ತದೆ, ಒಂದಾಗಿಸುವುದು ಮಾತ್ರ ನಾವೇ, ಇಬ್ಬಿಬ್ಬರನ್ನಾಗಿ. ಶುರುಮಾಡುವ ಮುಂಚೆ ಎರಡು ಫೈಲಿಗೂ ಒಂದೊಂದು ಪ್ರತಿ ತೆಗೆದು ಬೇರೆ ಕಡೆ ಇಟ್ಟುಕೊಳ್ಳದವರಿಗೆ ನನ್ನ ಸಹಾನುಭೂತಿಯಿಲ್ಲ. ಸೇರಿಸುವುದಕ್ಕೆ ಒಂದು ಕ್ಲಿಕ್ಕು ಸಾಕು, ಸೇರಿದವರನ್ನು ಬಿಡಿಸಲು ಒಂದು ಭಾನುವಾರ ಬೇಕು.

ಇಂಥ ಅಂದಾಜಿಗೆ ಬಳಸುವ ಹಳೆಯ ಸೂತ್ರವೊಂದಿದೆ, ಸೌಂಡೆಕ್ಸ್ ಎಂದು. ರಾಬರ್ಟ್ ರಸೆಲ್ ಎಂಬಾತ 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು. ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲಕ್ಷರ ಉಳಿಸಿಕೊಂಡು, ಸ್ವರಗಳನ್ನು ಬಿಸಾಕಿ, ಉಳಿದ ವ್ಯಂಜನಗಳಿಗೆ ಮೂರು ಅಂಕಿ ಕೊಡುತ್ತದೆ. ಸ್ಮಿತ್, ಸ್ಮೈತ್ ಅನ್ನುವವರಿಗೆ ಒಳ್ಳೆಯದೇ. ನಮ್ಮವರ ಮೇಲೆ ಪ್ರಯೋಗಿಸಿ ನೋಡಿ: ಸುಬ್ರಹ್ಮಣ್ಯನಿಗೂ ಎಸ್165, ಶಿವರಾಮಯ್ಯನಿಗೂ ಎಸ್165. ತಂದೆ ಮಗನನ್ನು ಒಂದೇ ಮಾಡಿಬಿಟ್ಟಿತು ಎಂದು ದೈವಭಕ್ತರು ನಗಬಹುದು. ಕೃಷ್ಣಮೂರ್ತಿ ಕೆ625, ಮನೆಯವರೆಲ್ಲ ಕರೆಯುವ ಕಿಟ್ಟಿ ಕೆ300. ಬೇರೆಯವರು ಒಂದಾದರು, ಒಬ್ಬನೇ ಇದ್ದವನು ಇಬ್ಬರಾದ.

ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿಯಂತೂ ಕಂಪ್ಯೂಟರಿಗೆ ಮಾಟ ಮಾಡಿಸಿದ ಹಾಗೆ. ವೆಂಕಟರಮಣಯ್ಯನ ಮಗ ನರಸಿಂಹಯ್ಯ, ಅವನ ಮಗ ವೆಂಕಟರಮಣಯ್ಯ, ಅವನ ಮಗ ಮತ್ತೆ ನರಸಿಂಹಯ್ಯ. ಮಾವ ಹಳೆಯ ಜಾತಕದಿಂದ ನಿಷ್ಠೆಯಿಂದ ಎತ್ತಿ ಬರೆದಿದ್ದರು: ಪ್ಲವ ಸಂವತ್ಸರ, ಮಾಘ ಬಹುಳ. ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುವ ಈ ಲೆಕ್ಕದಲ್ಲಿ ಪ್ಲವದ ಮಾಘ ಎಂದರೆ 1902 ಆಗಬಹುದು, 1962 ಆಗಬಹುದು. ತಾತನೂ ಮೊಮ್ಮಗನೂ ಹೆಸರಿನಲ್ಲಿ, ಊರಿನಲ್ಲಿ, ಸಂವತ್ಸರದಲ್ಲಿ ಒಂದೇ. ಜೆಡ್‌ಕಾಮಿನವರು ಯಹೂದಿಗಳ ಪಂಚಾಂಗಕ್ಕೆ ಜಾಗ ಕೊಟ್ಟಿದ್ದಾರೆ. ಫ್ರೆಂಚ್ ಕ್ರಾಂತಿಕಾರರು ತಂದು, ಹನ್ನೆರಡು ಹದಿಮೂರು ವರ್ಷದಲ್ಲಿ ಕೈಬಿಟ್ಟ ಪಂಚಾಂಗಕ್ಕೂ ಕೊಟ್ಟಿದ್ದಾರೆ. ನಮ್ಮ ಪ್ಲವ, ಶುಭಕೃತುಗಳನ್ನು ಟಿಪ್ಪಣಿಯ ಮೂಲೆಗೆ ತಳ್ಳಬೇಕು. ಊರುಗಳದೂ ಗೋಳೇ. ಕೋಲಾರ ಜಿಲ್ಲೆಯಲ್ಲಿ ಹುಟ್ಟಿದವರ ಊರು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುತ್ತದೆ. ಅದನ್ನು ಹೇಗೋ ನಿಭಾಯಿಸಬಹುದು.

ನಿಭಾಯಿಸಲಾಗದ್ದು ಹೆಣ್ಣುಮಕ್ಕಳ ವಿಷಯ. ಎರಡು ಮನೆತನದ ಫೈಲು ಕೂಡುವ ಜಾಗ ಯಾವುದು? ಒಂದು ಮನೆಯಲ್ಲಿ ಹುಟ್ಟಿ ಇನ್ನೊಂದು ಮನೆ ಸೇರಿದ ಹೆಂಗಸು. ಕೊಂಡಿ ಅವಳೇ. ಎರಡು ಫೈಲಿನಲ್ಲೂ ಅತಿ ಕಡಿಮೆ ಬರೆದಿರುವುದೂ ಅವಳ ಬಗ್ಗೆಯೇ. ತವರಿನವರು ಮದುವೆಯ ದಿನಕ್ಕೆ ನಿಲ್ಲಿಸುತ್ತಾರೆ, ಗಂಡನ ಮನೆಯವರು ಮದುವೆಯ ದಿನದಿಂದ ಶುರುಮಾಡುತ್ತಾರೆ. ನಡುವೆ ಹೆಸರನ್ನೂ ಬದಲಾಯಿಸಿರುತ್ತಾರೆ. ದೊಡ್ಡಪ್ಪನ ಮಗನ ಫೈಲಿನಲ್ಲಿ ಒಬ್ಬ ತಿಮ್ಮಕ್ಕ ಇದ್ದಾಳೆ, ಮುಂದೆ "ಕೊರಟಗೆರೆ ಕಡೆ ಕೊಟ್ಟಿದೆ" ಎಂದಷ್ಟೇ. ಮಾವನ ಫೈಲಿನಲ್ಲಿ ಕೊರಟಗೆರೆ ಮನೆಯ ಲಕ್ಷ್ಮೀದೇವಮ್ಮ ಇದ್ದಾಳೆ, ಮಕ್ಕಳು ಮೊಮ್ಮಕ್ಕಳ ದೊಡ್ಡ ಸಂಸಾರ, ತವರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಇಬ್ಬರೂ ಒಬ್ಬಳೇ ಎಂದು ಯಾವ ಸೂತ್ರವೂ ಹೇಳಲಿಲ್ಲ.

ಹೇಳಿದ್ದು ಒಂದು ಹಿತ್ತಾಳೆಯ ಕೊಳದಪ್ಪಲೆ. ಮಾವನ ಮನೆಯ ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದಾಗ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರ ಕಂಡವು: "ತಿಮ್ಮಕ್ಕ". ಆ ಮನೆಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲವೆಂದು ಮಾವ, ಯಾರದೋ ಪಾತ್ರೆ ಅದಲುಬದಲಾಗಿರಬೇಕೆಂದು ಅತ್ತೆ. ದೊಡ್ಡಮ್ಮನಿಗೆ ಫೋನು ಮಾಡಿದೆ. "ಅಯ್ಯೋ, ಧಾರೆಗೆ ಮುಂಚೆ ತವರಲ್ಲೇ ಹೆಸರು ಹೊಡೆಸಿಬಿಡ್ತಾ ಇದ್ರು ಕಣೋ. ಅತ್ತೆ ಮನೇಲಿ ಏನು ಹೆಸರಿಡ್ತಾರೋ ಯಾರಿಗ್ ಗೊತ್ತಿತ್ತು? ಲಕ್ಷ್ಮೀದೇವಮ್ಮ ಅಂದ್ರೆ ನಮ್ಮ ತಿಮ್ಮತ್ತೆನೇ." ಒಂದು ಪಾತ್ರೆಯನ್ನೇ ನೆಚ್ಚಿಕೊಳ್ಳಬಾರದು, ಕದ್ದ ಪಾತ್ರೆಯೂ ಇರಬಹುದು. ಆದರೆ ಪಾತ್ರೆ, ಊರು, ದೊಡ್ಡಮ್ಮ ಮೂರೂ ಒಂದೇ ಮಾತಾಡಿದ ಮೇಲೆ ನಾನು ಒಪ್ಪಿದೆ.

ಇಬ್ಬರನ್ನೂ ಆರಿಸಿ ಒಂದಾಗಿಸಿದೆ. ತಿಮ್ಮಕ್ಕನ ಹೆಸರನ್ನು ಮುಖ್ಯವಾಗಿಟ್ಟು ಲಕ್ಷ್ಮೀದೇವಮ್ಮನನ್ನು ಎರಡನೆಯ ಹೆಸರಾಗಿ ಉಳಿಸಿಕೊಂಡೆ. ತಕ್ಷಣ ಆ ಪತಿವ್ರತೆಗೆ ಇಬ್ಬರು ಗಂಡಂದಿರಾದರು! ನ್ಯೂಜೆರ್ಸಿಯ ಫೈಲಿನಲ್ಲಿ ಹೆಸರಿಲ್ಲದ ಒಬ್ಬ, ತಿಪಟೂರಿನ ಫೈಲಿನಲ್ಲಿ ಹೆಸರುಳ್ಳ ಒಬ್ಬ. ಇಬ್ಬರನ್ನೂ ಒಂದು ಮಾಡುವವರೆಗೆ ಪರದೆಯ ಕಡೆ ನೋಡಲು ಸಂಕೋಚವಾಯಿತು. ಅವಳ ಮೊಮ್ಮಗಳೊಬ್ಬಳು ಸೋದರಮಾವನನ್ನೇ ಮದುವೆಯಾಗಿದ್ದಳು. ಅದರಿಂದ ವೃಕ್ಷದ ಕೊಂಬೆ ತಿರುಗಿ ಬಂದು ಬುಡಕ್ಕೇ ಅಂಟಿಕೊಂಡಿತು, ಆ ದಂಪತಿಗಳ ಮಕ್ಕಳ ನಕ್ಷೆ ತೆಗೆದರೆ ತಿಮ್ಮಕ್ಕ ಎರಡು ಕಡೆ ಕೂತಿರುತ್ತಾಳೆ. ಅದು ಪ್ರತಿಯಲ್ಲ, ನಿಜ. ಅದನ್ನು ಮುಟ್ಟಬಾರದು.

ಸುಗ್ಗಿಯ ಮೇಲೆ ಎತ್ತು ಹತ್ತಿ ಬಂದು, ಒಕ್ಕಲು ಮನೆಗಳ ವಂಶಾವಳಿ ಹೇಳಿ ದವಸ ಪಡೆಯುತ್ತಿದ್ದ ಹೆಳವರು ಈ ಕೆಲಸವನ್ನು ಕರೆಂಟಿಲ್ಲದೆ ಮಾಡಿದವರು. ಈಗ ವಂಶವೃಕ್ಷ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ನಾಡಕಚೇರಿ, ಪೌತಿ ಖಾತೆಗೆ ಬೇಕಾದ ದೃಢೀಕರಣ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂದು ಕರ್ನಾಟಕ 1994ರಲ್ಲೂ ಕೇಂದ್ರ 2005ರಲ್ಲೂ ಕಾನೂನು ಮಾಡಿದ ಮೇಲೆ ಆ ಹಾಳೆಯಲ್ಲಿ ಅಕ್ಕತಂಗಿಯರ ಹೆಸರು ಬಿಟ್ಟರೆ ತಂಟೆ ಖಂಡಿತ. ಅಭಿಮಾನ ಮಾಡದ ಕೆಲಸವನ್ನು ಆಸ್ತಿ ಮಾಡಿಸಿತು.

ಕೂಡಿಸಿದ ಫೈಲನ್ನು ಇಬ್ಬರಿಗೂ ಕಳಿಸಿದ್ದೇನೆ. ಇಬ್ಬರೂ ತಮ್ಮ ಫೈಲಿಗೆ ಇನ್ನೊಬ್ಬರದು ಸೇರಿತೆಂದೇ ತಿಳಿದಿದ್ದಾರೆ. ಮುಂದಿನ ಮದುವೆಯ ಛತ್ರದಲ್ಲಿ ತೂಗುಹಾಕಲು ಫ್ಲೆಕ್ಸ್ ಮಾಡಿಸಬೇಕೆಂದು ಈಗ ಹೊಸ ಬೇಡಿಕೆ. ಅಂಗಡಿಯ ಹುಡುಗ ಉದ್ದ ಅಗಲ ಬರೆದುಕೊಂಡು, ಮೇಲ್ಗಡೆ ಯಾರ ಫೋಟೊ ಬರಬೇಕು ಸಾರ್ ಎಂದ. ಅದಿನ್ನೂ ಇತ್ಯರ್ಥವಾಗಿಲ್ಲ.