ಹೇರೆನ್‌ವೇನ್‌ನಲ್ಲಿ ಒಂದು ಭಾನುವಾರ

1950ರ ಮೇ 7. ನೆದರ್ಲೆಂಡ್ಸಿನ ಉತ್ತರದ ಫ್ರೀಸ್‌ಲೆಂಡ್ ಪ್ರಾಂತ್ಯ, ಹೇರೆನ್‌ವೇನ್ ಎಂಬ ಸಣ್ಣ ಊರು. ಮೈದಾನದಂಚಿನ ಜನಜಂಗುಳಿಯಲ್ಲಿ ನಿಂತಿದ್ದೀರಿ. ಹಿಂದಿನವನ ಮೊಣಕೈ ಬೆನ್ನಿಗೆ ಒತ್ತುತ್ತಿದೆ, ಮುಂದಿನವನ ಟೋಪಿ ಅರ್ಧ ಗೋಲನ್ನೇ ಮರೆಸಿದೆ. ಮರೆಸಿದ್ದೇ ಒಳ್ಳೆಯದಾಯಿತು ಅನ್ನಿ: ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್ 5–1ರಿಂದ ಮುಂದಿದೆ, ಆಟ ಮುಗಿಯಲು ಅರ್ಧ ಗಂಟೆಯೂ ಉಳಿದಿಲ್ಲ. ಕೆಲವರು ಆಗಲೇ ಮನೆಯ ದಾರಿ ಹಿಡಿದಿದ್ದಾರೆ.

ನೀವು ಹೋಗಬೇಡಿ. ಅಗೋ, ಅವಸರವೇ ಇಲ್ಲದವನಂತೆ ನಿಂತಿದ್ದಾನಲ್ಲ, ಅವನೇ ಆಬೆ ಲೆನ್‌ಸ್ಟ್ರಾ. ಇದೇ ಊರಲ್ಲಿ ಹುಟ್ಟಿದವನು, ವಯಸ್ಸು 29, ಹೊಟ್ಟೆಪಾಡಿಗೆ ಪುರಸಭೆಯ ಕಚೇರಿ ಕೆಲಸ. ಈ ದೇಶದಲ್ಲಿ ಫುಟ್‌ಬಾಲ್ ಆಡಿ ಸಂಬಳ ಪಡೆಯಲು 1954ರವರೆಗೂ ಕಾಯಬೇಕು. ರಾಷ್ಟ್ರೀಯ ತಂಡದ ಜೊತೆಗಾರ ಫಾಸ್ ವಿಲ್ಕೆಸ್ ಕಾಯಲಿಲ್ಲ; ಹೋದ ವರ್ಷವೇ ಮಿಲಾನಿನ ಇಂಟರ್ ಸೇರಿದ, ಸಂಬಳಕ್ಕೆ ಆಡಿದ್ದಕ್ಕೆ ಆ ತಂಡದ ಬಾಗಿಲು ಅವನ ಪಾಲಿಗೆ ಮುಚ್ಚಿತು. ಆಬೆ ಕದಲಲಿಲ್ಲ. ಮೈದಾನದಲ್ಲೂ ಅಷ್ಟೇ. ಚೆಂಡಿನ ಬೆನ್ನಟ್ಟಿ ಓಡುವುದು ಬೇರೆಯವರ ಕೆಲಸ ಎಂಬ ಧೋರಣೆ. ಸೋಮಾರಿ ಎನ್ನುವವರಿದ್ದಾರೆ. ನನಗೇನೋ ಅದು ಲೆಕ್ಕಾಚಾರ ಅನಿಸುತ್ತದೆ: ಚೆಂಡು ಕಾಲಿಗೆ ಬಂದ ಮೇಲೆ ಅವನಷ್ಟು ಚುರುಕಾದವರು ಯಾರಿದ್ದಾರೆ?

ಹೇರೆನ್‌ವೇನ್ ಒಂದು ಗೋಲು ಹೊಡೆಯಿತು. ಚಪ್ಪಾಳೆ, ಅದೂ ಮರ್ಯಾದೆಗೆ. ಇನ್ನೊಂದು. ಟೋಪಿಯವನು ಟೋಪಿ ತೆಗೆದ. ಮೂರನೆಯದು ಬೀಳುವಾಗ ಅಯಾಕ್ಸ್ ಆಟಗಾರರು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದಾರೆ. ಈಗ ಯಾರ ಕಾಲಿನಿಂದ ಯಾರ ಕಾಲಿಗೆ ಚೆಂಡು ಹೋಯಿತೆಂದು ನಿಮಗೂ ತಿಳಿಯುತ್ತಿಲ್ಲ, ನೂಕುನುಗ್ಗಲು ಹಾಗಿದೆ. 5–5. ಹೊರಟವರಿಗೂ ಗದ್ದಲ ಕೇಳಿರಬೇಕು, ಬೇಲಿಯತ್ತ ಓಡಿ ಬರುತ್ತಿದ್ದಾರೆ. ‘ನಮ್ಮ ಆಬೆ! ನಮ್ಮ ಆಬೆ!’

6–5.

ಪಕ್ಕದ ಅಪರಿಚಿತ ನಿಮ್ಮನ್ನು ತಬ್ಬಿಕೊಂಡಿದ್ದಾನೆ. ಅವನಿಗೆ ಮುಂದಿನದನ್ನು ಹೇಳಿದರೆ ನಂಬಿಯಾನೇ? 1956ರ ಮಾರ್ಚ್‌ನಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ವಿಶ್ವ ಚಾಂಪಿಯನ್ ಪಶ್ಚಿಮ ಜರ್ಮನಿ 2–1ರಿಂದ ಸೋಲುತ್ತದೆ, ಎರಡೂ ಗೋಲು ಆಬೆಯದೇ, ಅದೂ 35ರ ವಯಸ್ಸಿನಲ್ಲಿ. 1959ರಲ್ಲಿ ದೇಶಕ್ಕಾಗಿ ಆಡುವುದನ್ನು ನಿಲ್ಲಿಸುವಾಗ 47 ಪಂದ್ಯ, 33 ಗೋಲು. ನಂಬುತ್ತಾನೆ ಬಿಡಿ, ಇವತ್ತು ಏನು ಹೇಳಿದರೂ ನಂಬುತ್ತಾನೆ. ಆದರೆ ಈ ವರ್ಷದ ರಾಷ್ಟ್ರೀಯ ಪಟ್ಟ ಕೊನೆಗೆ ದಕ್ಷಿಣದ ಲಿಂಬುರ್ಗಿಯಾ ಕ್ಲಬ್ಬಿನ ಪಾಲಾಗುತ್ತದೆ ಎಂಬುದನ್ನು ಮಾತ್ರ ಬಾಯಿ ಬಿಡಬೇಡಿ.