ಕಿಟಕಿ ಪಕ್ಕದ ಸೀಟು

ಮಾತ್ರೆ ನಾಟದಿದ್ದರೆ ನಮ್ಮಲ್ಲಿ ಸಿದ್ಧ ತೀರ್ಪೊಂದಿದೆ: ‘ಮೈಗೆ ಒಗ್ಗಿಹೋಗಿದೆ ಬಿಡಿ.’ ಶ್ವಾಸಕೋಶದ ಕ್ಯಾನ್ಸರಿಗೆ ದಿನಕ್ಕೊಂದು ಮಾತ್ರೆ ನುಂಗಿ, ಕೆಮ್ಮು ನಿಂತು, ಊಟ ಸೇರಿ, ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಸ್ಕ್ಯಾನಿನಲ್ಲಿ ಗಡ್ಡೆ ಮತ್ತೆ ತಲೆಯೆತ್ತಿದರೂ ಇದೇ ಮಾತು. ಒಗ್ಗುವುದು ಮೈಯಲ್ಲ, ಗಡ್ಡೆ. ಅದಾದರೂ ನಿಜಕ್ಕೂ ಒಗ್ಗುತ್ತದೋ, ಇಲ್ಲಾ ಮದ್ದಿಗೆ ಜಗ್ಗದ ಕೋಶಗಳು ಮೊದಲಿನಿಂದಲೇ ಒಳಗಿದ್ದವೋ? ತಕರಾರು ಹಳೆಯದು.

ಮೊದಲು ಮಾತ್ರೆ ಸೋಲುವ ಬಗೆ ನೋಡೋಣ. ಜೀವಕೋಶಕ್ಕೆ ಬೆಳೆಯಲು ಅಪ್ಪಣೆ ಕೊಡುವ ಪ್ರೋಟೀನುಗಳಲ್ಲಿ ಇಜಿಎಫ್‌ಆರ್ ಒಂದು. ಕೆಲವರ ಗಡ್ಡೆಯಲ್ಲಿ ಅದರ ಜೀನ್ ಕೆಟ್ಟು, ಅಪ್ಪಣೆ ನಿಲ್ಲುವುದೇ ಇಲ್ಲ. ಬೀಡಿ ಸಿಗರೇಟು ಮುಟ್ಟದ ಏಷ್ಯಾದ ಹೆಂಗಸರಲ್ಲಿ ಇದು ಹೆಚ್ಚು. (ಸೇದದವರಿಗೂ ಬರುತ್ತಾ ಎಂದು ಕೇಳುವವರು ಇನ್ನೂ ಇದ್ದಾರೆ. ಬರುತ್ತದೆ.) ಆ ಪ್ರೋಟೀನು ಕೆಲಸ ಮಾಡಲು ಎಟಿಪಿ ಎಂಬ ಅಣು ಬಂದು ಕೂರಬೇಕು. ಗೆಫಿಟಿನಿಬ್ ಮಾತ್ರೆ ಆ ಜಾಗವನ್ನೇ ಹಿಡಿಯುತ್ತದೆ, ಜಾತ್ರೆ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ. 2005ರಲ್ಲಿ ಗೊತ್ತಾಯಿತು: ಪ್ರೋಟೀನಿನ 790ನೇ ಸ್ಥಾನದ ಥ್ರಿಯೊನಿನ್ ಎಂಬ ಅಮೈನೊ ಆಮ್ಲ ಹೋಗಿ ಮೆಥಿಯೊನಿನ್ ಬಂದರೆ ಟವೆಲಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ. ಎಟಿಪಿಯ ಹಿಡಿತ ಬಿಗಿಯಾಗುವುದೇ ಇದಕ್ಕೆ ಮುಖ್ಯ ಕಾರಣ ಎಂದು 2008ರಲ್ಲಿ ತಿಳಿಯಿತು. ಈ ಮಾತ್ರೆ ಸೋತವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಯಲ್ಲಿ ಆಗಿರುವುದು ಇದೇ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಸಿಮೆರ್ಟಿನಿಬ್ ಎಂಬ ಮಾತ್ರೆ ಹೆಚ್ಚು ಘಾಟಿ. 797ನೇ ಸ್ಥಾನದ ಸಿಸ್ಟೀನಿಗೆ ಟವೆಲನ್ನು ಗಂಟು ಹಾಕಿಯೇ ಬಿಡುತ್ತದೆ. ಅದೇ ವರ್ಷ, ಆ ಸಿಸ್ಟೀನೇ ಸೆರಿನ್ ಆಗಿಬಿಟ್ಟ ರೋಗಿಗಳ ವರದಿಯೂ ಬಂತು. ಕಂಬಿಯನ್ನೇ ಕಿತ್ತಮೇಲೆ ಗಂಟು ಯಾತಕ್ಕೆ?

ತಕರಾರಿಗೆ ಬರೋಣ. ಅದರ ಬೇರು ಕ್ಯಾನ್ಸರಿನಲ್ಲಿಲ್ಲ, ಜೂಜಿನಲ್ಲಿದೆ. ಇಟಲಿಯಿಂದ ತಪ್ಪಿಸಿಕೊಂಡು ಅಮೆರಿಕದ ಇಂಡಿಯಾನಾಕ್ಕೆ ಬಂದಿದ್ದ ಜೀವವಿಜ್ಞಾನಿ ಸಾಲ್ವಡಾರ್ ಲೂರಿಯಾ, 1943ರ ಸುಮಾರಿಗೆ ಅಧ್ಯಾಪಕರ ನೃತ್ಯಕೂಟವೊಂದರಲ್ಲಿ ಜೂಜಿನ ಯಂತ್ರಕ್ಕೆ ಚಿಲ್ಲರೆ ಸುರಿಯುತ್ತಿದ್ದ ಸಹೋದ್ಯೋಗಿಯನ್ನು ರೇಗಿಸುತ್ತಿದ್ದರು. ಅಷ್ಟರಲ್ಲಿ ಯಂತ್ರ ನಾಣ್ಯಗಳನ್ನು ಕಕ್ಕಿತು. ಆತ ಲೂರಿಯಾರನ್ನು ದುರುಗುಟ್ಟಿ ನೋಡಿ ಹೊರಟುಹೋದ. ಲೂರಿಯಾರಿಗೆ ಹೊಳೆಯಿತು: ಕೊಲ್ಲುವ ವೈರಸ್ಸು ತಾಗಿದ ಮೇಲೆ ಬ್ಯಾಕ್ಟೀರಿಯಾ ಅದಕ್ಕೆ ಜಗ್ಗದಿರುವ ಪಾಠ ಕಲಿಯುವುದಾದರೆ ಎಲ್ಲ ತಟ್ಟೆಯಲ್ಲೂ ಬದುಕುಳಿದವು ಹೆಚ್ಚುಕಡಿಮೆ ಸಮ ಇರಬೇಕು. ಮೊದಲೇ ಬದಲಾದವು ಇದ್ದರೆ ಬಹಳಷ್ಟು ತಟ್ಟೆ ಖಾಲಿ, ಯಾವುದೋ ಒಂದರಲ್ಲಿ ಮಾತ್ರ ರಾಶಿ. ಬಂದದ್ದು ರಾಶಿಯೇ. ಅಪರೂಪಕ್ಕೊಮ್ಮೆ ಜೂಜಿನಿಂದ ಲೋಕಕ್ಕೂ ಲಾಭ ಆಗುತ್ತದೆ. ಲೂರಿಯಾರಿಗೆ 1969ರಲ್ಲಿ ನೊಬೆಲ್‌ನ ಪಾಲೂ ಸಿಕ್ಕಿತು.

ಹಾಗಾದರೆ ಗಡ್ಡೆಯೊಳಗೂ ಮದ್ದಿಗೆ ಜಗ್ಗದ ಕೋಶಗಳು ಮೊದಲೇ ಅಡಗಿದ್ದವೇ? ಲೂರಿಯಾರ ಲೆಕ್ಕ ಅಲ್ಲಿ ಅರ್ಧ ಮಾತ್ರ ನಿಂತಿತು. 2016ರಲ್ಲಿ ಬಾಸ್ಟನ್ನಿನ ಸಂಶೋಧಕರು ಪ್ರಯೋಗಾಲಯದ ಕೋಶಗಳ ಬೆನ್ನುಹತ್ತಿ ನೋಡಿದರೆ, ಬೇಗ ತಲೆಯೆತ್ತಿದವುಗಳಲ್ಲಿ 790ರ ಬದಲಾವಣೆ ಮದ್ದಿಗೆ ಮೊದಲೇ ಇತ್ತು. ತಡವಾಗಿ ಎದ್ದವುಗಳಲ್ಲಿ ಇರಲಿಲ್ಲ. ಅವು ಮದ್ದಿನ ನಡುವೆಯೇ ಸಾಯದೆ, ಬೆಳೆಯದೆ, ಕುಟುಕು ಜೀವ ಹಿಡಿದು ಕೂತು, ಆಮೇಲೆ ಬದಲಾವಣೆ ಸಂಪಾದಿಸಿದ್ದವು. ಈ ತಡವಾದವೇ ಹೊಸ ಮದ್ದಿಗೂ ಮೊಂಡು. ಈ ಹಟಮಾರಿಗಳ ಬಗ್ಗೆಯೇ ನನಗೆ ಹೆಚ್ಚು ಭಯ.

ಇನ್ನೂ ಕೆಲವು ಗಡ್ಡೆಗಳು ಆ ಸೀಟಿನ ಗೊಡವೆಗೇ ಹೋಗದೆ ಮೆಟ್ ಎಂಬ ಬೇರೊಂದು ಪ್ರೋಟೀನಿನಿಂದ ಅಪ್ಪಣೆ ತರಿಸಿಕೊಳ್ಳುತ್ತವೆ. ಕೆಲವೇ ಕೆಲವು ಜಾತಿಯನ್ನೇ ಬದಲಿಸಿ ಸಣ್ಣಕೋಶದ ಕ್ಯಾನ್ಸರ್ ಆಗಿಬಿಡುತ್ತವೆ, ಚಿಕಿತ್ಸೆಯೇ ಬೇರೆ. ರಕ್ತಪರೀಕ್ಷೆ ಜೀನಿನ ಬದಲಾವಣೆಗಳನ್ನು ಹಿಡಿದೀತು, ಕೋಶದ ಚಹರೆ ಮಾತ್ರ ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟರೇ ಕಾಣುವುದು. ‘ಒಂದು ಸಲ ಚುಚ್ಚಿದ್ದು ಸಾಲದಾ ಡಾಕ್ಟ್ರೇ?’ ಎಂದು ಮನೆಯವರು ಗೋಗರೆದರೂ ವೈದ್ಯರು ಮತ್ತೆ ಸೂಜಿ ಹಿಡಿಯುವುದು ಇದಕ್ಕೇ.