ಕಾಚಂಪುಳಿ ಬಾಟಲಿ ಮುಗಿದ ಮೇಲೆ

ಹಿರಿಯಡ್ಕ ಸಂತೆಯಲ್ಲಿ ಸಿಕ್ಕಿದವರು, ಹಾಲಿನ ಸೊಸೈಟಿಯಲ್ಲಿ ಸಿಕ್ಕಿದವರು ಎಲ್ಲ ಒಂದೇ ಕೇಳುತ್ತಿದ್ದಾರೆ. ನಮ್ಮ ಜಗಲಿಯಲ್ಲಿ ಬುಟ್ಟಿ ತುಂಬ ಇಟ್ಟಿರುವ ಆ ಹಳದಿ ಹಣ್ಣು ಎಂಥದು, ಅದರ ಕೆಳಗೆ ಪಾತ್ರೆ ಯಾಕೆ, ಇಡೀ ದಿನ ಹುಳಿ ವಾಸನೆ ಯಾಕೆ ಅಂತ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಹೊರಗೆ ಆಟಿ ಮಳೆ ಬಿಡುತ್ತಿಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ. ಕೂತು ಬರೆಯುತ್ತೇನೆ, ಸ್ವಲ್ಪ ಉದ್ದವಾಗಬಹುದು.

ಅದು ಉಪ್ಪಾಗೆ ಹಣ್ಣು. ಮಂತುಹುಳಿ ಅಂತಲೂ ಹೇಳುತ್ತಾರೆ. ಮಲಯಾಳಿಗಳ ಕುಡಂಪುಳಿ ಇದೇ. ಪುನರ್ಪುಳಿಯ ಹತ್ತಿರದ ಸಂಬಂಧಿ, ಆದರೆ ಪುನರ್ಪುಳಿ ಅಲ್ಲ. ಪುನರ್ಪುಳಿ ಕೆಂಪು, ಉರುಟು, ಮಳೆ ಹಿಡಿಯುವ ಮೊದಲೇ ಮುಗಿಯುತ್ತದೆ. ಇದು ಹಳದಿ, ಸಣ್ಣ ಸಿಹಿಕುಂಬಳದ ಹಾಗೆ ಮೈಮೇಲೆ ಗೀರು ಗೀರು, ಹಣ್ಣಾಗುವುದೇ ಜೂನ್ ಕಳೆದು ಜಡಿಮಳೆಯಲ್ಲಿ. ನಾನು ಹುಟ್ಟಿದ ಕೊಡಗಿನಲ್ಲಿ ಇದರ ರಸ ಇಳಿಸಿ, ಕುದಿಸಿ, ಟಾರಿನ ಹಾಗೆ ಕಪ್ಪಗೆ ಮಂದ ಮಾಡಿ ಬಾಟಲಿಗೆ ತುಂಬುತ್ತಾರೆ. ಅದಕ್ಕೆ ಕಾಚಂಪುಳಿ ಅಂತ ಹೆಸರು. ಪಂದಿ ಕರಿಗೆ ಆ ಕಪ್ಪು ಬಣ್ಣ, ಆ ಹುಳಿ ಬರುವುದು ಇದರಿಂದ. ಹುರಿದು ಪುಡಿ ಮಾಡಿದ ಕರಿಮೆಣಸು, ಜೀರಿಗೆ, ಸಾಸಿವೆ ಎಲ್ಲ ಸರಿಯಾಗಿ ಬಿದ್ದರೂ ಕೊನೆಗೆ ಒಂದು ಚಮಚ ಕಾಚಂಪುಳಿ ಬೀಳದಿದ್ದರೆ ಅದು ಬರೀ ಹಂದಿ ಸಾರು.

ಮಣಿಪಾಲದ ಈ ಕಡೆಗೆ ನಾನು ಬಂದದ್ದು 2011ರಲ್ಲಿ, ಹೆಂಡತಿ ಮನೆಯ ಜಾಗ ನೋಡಿಕೊಳ್ಳಲು. ಅಡಿಕೆ, ಸ್ವಲ್ಪ ಗದ್ದೆ. ಮಧ್ಯಾಹ್ನದ ಊಟಕ್ಕೆ ಒಗ್ಗಿಕೊಳ್ಳಲು ಒಂದು ವಾರವೂ ಬೇಕಾಗಲಿಲ್ಲ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಯಾರಿಗೆ ಬೇಡ? ಕಷ್ಟವಾದದ್ದು ಬೆಳಿಗ್ಗೆ. ಪೇಟೆ ಹೋಟೆಲಿನ ಬನ್ಸ್, ಗೋಳಿಬಜೆ, ಮಸಾಲೆ ದೋಸೆ ಬಗ್ಗೆ ಏನೂ ಹೇಳುವ ಹಾಗಿಲ್ಲ, ಊರಿನ ಹೆಸರೇ ಅದರ ಮೇಲೆ ನಿಂತಿದೆ. ಆದರೆ ಮಳೆಗಾಲದ ಬೆಳಿಗ್ಗೆ ಆರು ಗಂಟೆಗೆ ಹಟ್ಟಿ ಕೆಲಸ ಮುಗಿಸಿ ಒದ್ದೆಯಾಗಿ ಒಳಗೆ ಬರುವಾಗ ನನ್ನ ನಾಲಿಗೆಗೆ ಬೇಕಾದದ್ದು ಅಕ್ಕಿ ಒಟ್ಟಿ. ಹಿಂದಿನ ದಿನದ ಅನ್ನಕ್ಕೆ ಅಕ್ಕಿ ಹಿಟ್ಟು ಸೇರಿಸಿ ಚೆನ್ನಾಗಿ ನಾದಿ, ತಟ್ಟಿ, ಕಾವಲಿಯಲ್ಲಿ ಅರ್ಧ ಬೇಯಿಸಿ, ಕೆಂಡದ ಮೇಲೆ ಇಟ್ಟರೆ ಉಬ್ಬುತ್ತದೆ. ಅದರ ಜೊತೆಗೆ ನಿನ್ನೆಯ ಪಂದಿ ಕರಿ. ಅದಿಲ್ಲದಿದ್ದರೆ ಒಣಕೆರ್ಚಿ, ಅಂದರೆ ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಹಂದಿ ಮಾಂಸ. ಅದನ್ನು ಜಜ್ಜಿ, ಈರುಳ್ಳಿ ಹಸಿಮೆಣಸು ಹಾಕಿ ಅದರದ್ದೇ ಕೊಬ್ಬಿನಲ್ಲಿ ಹುರಿಯುವುದು. ಮಾಂಸ ಬೆಳಿಗ್ಗೆ ತಿನ್ನುವುದಾ ಅಂತ ಇಲ್ಲಿ ಮೊದಮೊದಲು ನಗುತ್ತಿದ್ದರು. ನಿನ್ನೆಯ ಮೀನು ಸಾರಿಗೆ ಬೆಳಿಗ್ಗೆ ನೀರುದೋಸೆ ಅದ್ದಿ ತಿನ್ನುವವರೂ ಅವರೇ ಮಾರಾಯ್ರೆ. ರಾತ್ರಿ ಉಳಿದದ್ದು ಬೆಳಿಗ್ಗೆಗೆ ರುಚಿ ಅಂತ ಗೊತ್ತಿರುವವರಿಗೆ ನಾನು ಹೊಸದಾಗಿ ಎಂಥ ಹೇಳುವುದು.

ಹಂದಿ ಮಾಂಸ ಸಿಗುವುದಿಲ್ಲ ಅಂತಲ್ಲ. ಕ್ರಿಶ್ಚಿಯನ್ನರು ಇರುವ ಕಡೆಯೆಲ್ಲ ಭಾನುವಾರ ಸಿಗುತ್ತದೆ. ಪಕ್ಕದ ಮನೆಯ ಬಾಯಮ್ಮ ಕ್ರಿಸ್‌ಮಸ್ಸಿಗೆ ದುಕ್ರಾಮಾಸ್, ಸನ್ನ ಎರಡೂ ಕೊಟ್ಟು ಕಳಿಸುತ್ತಾರೆ. ಬಹಳ ಒಳ್ಳೆಯ ಅಡುಗೆ. ಆದರೆ ಅದು ಬಫಾತಿನದ್ದು, ಬ್ಯಾಡಗಿ ಮೆಣಸಿನ ಕೆಂಪು, ವಿನೆಗರಿನ ಹುಳಿ. ತಿನ್ನುವಾಗ ಖುಷಿ, ತಿಂದಾದ ಮೇಲೆ ಊರಿನ ನೆನಪು ಇನ್ನೂ ಜಾಸ್ತಿ. ಒಂದು ವ್ಯತ್ಯಾಸ ಅಂಗಡಿಯವರಿಗೆ ಹೇಳಿ ಹೇಳಿ ಈಗ ಸರಿಯಾಗಿದೆ: ನಮಗೆ ಚರ್ಮ, ಕೊಬ್ಬು, ಮಾಂಸ ಮೂರೂ ಒಟ್ಟಿಗೆ ಇರುವ ತುಂಡು ಬೇಕು. ಚರ್ಮ ತೆಗೆದುಕೊಟ್ಟರೆ ಕರಿಗೆ ಅಂಟು ಬರುವುದಿಲ್ಲ.

ನಮ್ಮ ಮನೆಯೊಳಗೆ ಇದು ಬೇಯುವುದಿಲ್ಲ, ಅದನ್ನೂ ಹೇಳಬೇಕು. ನಮ್ಮಲ್ಲಿ ಪಂದಿ, ಇಲ್ಲಿ ಪಂಜಿ. ಹೆಂಡತಿ ಮನೆಯವರು ಪಂಜುರ್ಲಿಯನ್ನು ನಂಬಿದವರು. ಮದುವೆಯಾದ ವರ್ಷವೇ ಅತ್ತೆ ನನ್ನನ್ನು ಕರೆದು, "ನೀವು ತಿನ್ನುವುದು ಬೇಡ ಅಂತ ನಾನು ಹೇಳುವುದಿಲ್ಲ. ಹೊರಗಿನ ಒಲೆಯಲ್ಲಿ ಮಾಡಿ, ಪಾತ್ರೆ ಬೇರೆ ಇರಲಿ, ತಿಂದ ದಿನ ದೈವದ ಕೋಣೆ ಕಡೆ ಹೋಗಬೇಡಿ" ಅಂದರು. ಇವತ್ತಿನವರೆಗೂ ಹಾಗೆಯೇ ನಡೆದಿದೆ. ಹಂಡೆ ಒಲೆ ಇರುವ ಬಚ್ಚಲ ಹಿಂಬದಿಯಲ್ಲಿ ನನಗೆ ಒಂದು ಮೂರು ಕಲ್ಲಿನ ಒಲೆ, ಒಂದು ಮಣ್ಣಿನ ಪಾತ್ರೆ. ಅಷ್ಟರಲ್ಲಿ ಒಬ್ಬನಿಗೆ ಧಾರಾಳ ಆಗುತ್ತದೆ.

ಇನ್ನು ಬಾಟಲಿಯ ವಿಷಯ. ಪ್ರತಿ ವರ್ಷ ಅವ್ವ ಎರಡು ಬಾಟಲಿ ಕಾಚಂಪುಳಿ ಕಳಿಸುತ್ತಿದ್ದರು. ಮನೆ ಹಿಂದಿನ ಇಳಿಜಾರಿನಲ್ಲಿ, ಕಾಫಿ ಮಧ್ಯೆ, ಅಜ್ಜನ ಕಾಲದ ಎರಡು ಮರ ಇದ್ದವು. ಮಕ್ಕಂದೂರು ಕಡೆಯ ಊರು ನಮ್ಮದು. ಅಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. 2018ರ ಆಗಸ್ಟ್ ಮಧ್ಯದಲ್ಲಿ ಗುಡ್ಡಗಳೇ ಜಾರಿ ಬಂದವು. ನಮ್ಮ ಮನೆ ಉಳಿಯಿತು, ಹಿಂದಿನ ಇಳಿಜಾರು ಉಳಿಯಲಿಲ್ಲ. ಕಾಫಿ, ಮೆಣಸಿನ ಬಳ್ಳಿ, ಆ ಎರಡು ಮರ, ಎಲ್ಲ ಕೆಳಗಿನ ತೋಡಿಗೆ ಹೋಯಿತು. ಅವ್ವ ಈಗ ಕುಶಾಲನಗರದಲ್ಲಿ ಅಣ್ಣನ ಬಾಡಿಗೆ ಮನೆಯಲ್ಲಿದ್ದಾರೆ. ಗ್ಯಾಸ್ ಒಲೆ, ಮೇಲೆ ಕಾಂಕ್ರೀಟ್. ಮಾಂಸ ಕಟ್ಟಲು ಹೊಗೆಯೂ ಇಲ್ಲ, ಅಟ್ಟವೂ ಇಲ್ಲ.

ನನ್ನ ಹತ್ತಿರ 2017ರ ಬಾಟಲಿ ಉಳಿದಿತ್ತು. ಕಾಚಂಪುಳಿ ಹಾಳಾಗುವ ವಸ್ತುವಲ್ಲ, ಇಟ್ಟಷ್ಟು ಕಾಲ ಇರುತ್ತದೆ. ಚಮಚದಲ್ಲಿ ಹಾಕುತ್ತಿದ್ದವನು ಹನಿಯಲ್ಲಿ ಹಾಕಲು ಶುರು ಮಾಡಿದೆ. 2021ರ ಮಳೆಗಾಲದಲ್ಲಿ ಬಾಟಲಿಗೆ ಬಿಸಿನೀರು ಹಾಕಿ ಕುಲುಕಿ ಕೊನೆಯ ಕರಿ ಮಾಡಿದೆ. ಮಡಿಕೇರಿ ಅಂಗಡಿಗಳಲ್ಲಿ ಕಾಚಂಪುಳಿ ದುಡ್ಡಿಗೆ ಸಿಗುತ್ತದೆ, ಇಲ್ಲ ಅಂತಲ್ಲ. ಆದರೆ ಒಂದು ಸಲ ಅಲ್ಲಿಂದ ತರಿಸಿದ ಬಾಟಲಿ ನೀರಿನ ಹಾಗೆ ತೆಳ್ಳಗಿತ್ತು, ಬಣ್ಣ ಮಾತ್ರ ಕಪ್ಪು. ಮತ್ತೆ ತರಿಸಲಿಲ್ಲ.

ಆಮೇಲೆ ಇಲ್ಲಿ ಸಿಗುವ ಹುಳಿಯೆಲ್ಲ ನೋಡಿಯಾಯಿತು. ಹುಣಸೆ ಹಾಕಿದರೆ ಮೀನು ಇಲ್ಲದ ಮೀನು ಸಾರಾಗುತ್ತದೆ. ವಿನೆಗರ್ ಹಾಕಿದರೆ ಬಾಯಮ್ಮನ ಅಡುಗೆಯ ನಕಲು, ಅದೂ ಕಳಪೆ ನಕಲು. ಬಿಂಬುಳಿ ಚುರುಕು ಹುಳಿ, ಬಾಯಲ್ಲಿ ನಿಲ್ಲುವುದಿಲ್ಲ. ಪುನರ್ಪುಳಿ ಸಿಪ್ಪೆ ನೆನೆಸಿ ಕುದಿಸಿದ್ದು ಸ್ವಲ್ಪ ಹತ್ತಿರ ಬಂತು, ಆದರೆ ಕರಿ ನೇರಳೆ ಬಣ್ಣಕ್ಕೆ ತಿರುಗಿತು. ಹೆಂಡತಿ ನೋಡಿ, ಇದು ಶರಬತ್ತಾ ಸಾರಾ ಅಂತ ಕೇಳಿದಳು.

ಮರ ಸಿಕ್ಕಿದ್ದು 2023ರಲ್ಲಿ. ಹೆಬ್ರಿ ಕಡೆ ಅಡಿಕೆ ಕೊಯ್ಲಿನ ಲೆಕ್ಕಕ್ಕೆ ಒಬ್ಬರ ಮನೆಗೆ ಹೋಗಿದ್ದೆ. ಅವರ ಕುಮ್ಕಿ ಅಂಚಿನಲ್ಲಿ, ದಾರಿ ತುಂಬ ಹಳದಿ ಹಣ್ಣು ಬಿದ್ದು ಕೊಳೆಯುತ್ತಿತ್ತು. ಕಾಲಲ್ಲಿ ಒಂದು ಜಜ್ಜಿ ಮೂಸಿದೆ. ಅವ್ವನ ಜಗಲಿ ವಾಸನೆ. ಮನೆಯ ಯಜಮಾನರು, "ಅದು ಯಾರೂ ತಿನ್ನುವುದಿಲ್ಲ, ಮಂಗ ಮಾತ್ರ. ಒಂದು ಕಾಲದಲ್ಲಿ ಸಿಪ್ಪೆಗೆ ಒಳ್ಳೆ ರೇಟ್ ಇತ್ತು" ಅಂದರು. ಆ ರೇಟಿನ ಕಥೆ ಘಟ್ಟದ ಕೆಳಗಿನ ಹಳಬರಿಗೆ ನೆನಪಿರಬಹುದು. 1990ರ ದಶಕದಲ್ಲಿ ಈ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲದಿಂದ ಮೈ ಕರಗುತ್ತದೆ ಅಂತ ಪರದೇಶಕ್ಕೆ ಹೋಗಲು ಶುರುವಾಯಿತು. ಉತ್ತರ ಕನ್ನಡದ ಕಾಡಿನಲ್ಲಿ ಹಣ್ಣಾಗುವ ಮೊದಲೇ ಕೊಂಬೆ ಕಡಿದು ಕೊಯ್ದರು. ಮಳೆಗಾಲದ ಬೆಳೆ ಆದ್ದರಿಂದ ಬಿಸಿಲು ಇಲ್ಲ, ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಸುಟ್ಟರು. ಕಾಚಂಪುಳಿಗೆ ಅದು ಯಾವುದೂ ಬೇಡ. ತಾನಾಗಿ ಉದುರಿದ, ಚೆನ್ನಾಗಿ ಹಣ್ಣಾದ ಹಣ್ಣೇ ಬೇಕು. ಮರ ಹತ್ತುವ ಕೆಲಸವೂ ಇಲ್ಲ.

ಅವತ್ತು ಎರಡು ಗೋಣಿ ಹೆಕ್ಕಿಕೊಂಡು ಬಂದೆ. ಅವ್ವನಿಗೆ ಫೋನ್ ಮಾಡಿ ಒಂದೊಂದೇ ಕೇಳಿ ಮಾಡಿದ್ದು ಹೀಗೆ: ಹಣ್ಣು ಒಡೆದು ಬಿದಿರಿನ ಬುಟ್ಟಿಗೆ ತುಂಬಿ, ಬುಟ್ಟಿಯನ್ನು ಎರಡು ಕೋಲಿನ ಮೇಲೆ ನಿಲ್ಲಿಸಿ, ಕೆಳಗೆ ಮಣ್ಣಿನ ಪಾತ್ರೆ ಇಡುವುದು. ಹಿಂಡಬಾರದು, ಒತ್ತಬಾರದು. ನಾಲ್ಕೈದು ದಿನದಲ್ಲಿ ಹಣ್ಣು ತಾನೇ ಕರಗಿ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಸೋಸಿ ಮಣ್ಣಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕುದಿಸುವುದು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಮೊದಲು ಚಹಾದ ಬಣ್ಣ, ಆಮೇಲೆ ಕಂದು, ಕೊನೆಗೆ ಕಪ್ಪು. ನನಗೆ ಒಂದು ಬಕೆಟ್ ರಸಕ್ಕೆ ಇಡೀ ದಿನ ಹಿಡಿಯಿತು, ಸಿಕ್ಕಿದ್ದು ಒಂದೂವರೆ ಬಾಟಲಿ. ಅರ್ಧ ಬಾಟಲಿ ಅವ್ವನಿಗೆ ಬಸ್ಸಿನಲ್ಲಿ ಕಳಿಸಿದೆ. ಬೆರಳಲ್ಲಿ ತೆಗೆದು ನೆಕ್ಕಿ ಫೋನ್ ಮಾಡಿದರು: "ಹುಳಿ ಸರಿ ಉಂಟು. ಇನ್ನೊಂದು ಸ್ವಲ್ಪ ಕುದಿಯಬೇಕಿತ್ತು." ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ, "ಮರ ಎಷ್ಟು ದೊಡ್ಡದು?" ಅಂತ ಕೇಳಿದರು.

ಹೊಗೆ ಮಾಂಸದ ಕಥೆ ಬೇರೆ. ಕೊಡಗಿನಲ್ಲಿ ಕಕ್ಕಡ ತಿಂಗಳಿಗೆ, ಅಂದರೆ ನಮ್ಮ ಇಲ್ಲಿಯ ಆಟಿಗೇ ಸರಿಯಾಗಿ, ಒಲೆ ಮೇಲೆ ಮಾಂಸ ತೂಗುತ್ತಿತ್ತು. ಅಲ್ಲಿ ಜುಲೈಯಲ್ಲಿ ಚಳಿ, ಒಲೆ ಹಗಲು ರಾತ್ರಿ ಆರುವುದಿಲ್ಲ. ಇಲ್ಲಿ ಅದೇ ತಿಂಗಳಲ್ಲಿ ಕಟ್ಟಿದರೆ ಒಣಗುವ ಮೊದಲೇ ಹಳಸುತ್ತದೆ. ಸೆಖೆ ಇದೆ, ಗಾಳಿಯಲ್ಲಿ ನೀರಿದೆ. ಇಲ್ಲಿಯವರು ಇದಕ್ಕೆ ಯಾವಾಗಲೋ ದಾರಿ ಕಂಡುಕೊಂಡಿದ್ದಾರೆ. ಬೇಸಿಗೆ ಬಿಸಿಲಲ್ಲೇ ಮೀನು ಒಣಗಿಸಿ ಇಟ್ಟುಕೊಳ್ಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವುದಿಲ್ಲ, ಆಗ ಗಂಜಿಗೆ ಆ ಒಣಮೀನೇ. ಅತ್ತೆ ಅಟ್ಟದಿಂದ ಒಣಮೀನಿನ ಡಬ್ಬ ಇಳಿಸುವುದನ್ನು ನೋಡಿಯೇ ನನಗೆ ಹೊಳೆದದ್ದು, ನಾನೂ ತಿಂಗಳು ಬದಲಿಸಬೇಕು ಅಂತ. ಈಗ ಜನವರಿಯಲ್ಲಿ ಮಾಡುತ್ತೇನೆ. ಹೆಬ್ಬೆರಳು ದಪ್ಪದ ಉದ್ದ ಪಟ್ಟಿ, ಉಪ್ಪು, ಅರಸಿನ, ಕರಿಮೆಣಸು ಉಜ್ಜಿ ಒಂದು ರಾತ್ರಿ ಇಟ್ಟು, ಮೊದಲು ಬಿಸಿಲು, ಆಮೇಲೆ ಹಂಡೆ ಒಲೆಯ ಮೇಲೆ ತಂತಿಯಲ್ಲಿ. ತೆಂಗಿನ ಸಿಪ್ಪೆಯ ಹೊಗೆ ಬೇಡ, ಕಹಿ ಹಿಡಿಯುತ್ತದೆ. ಹಲಸು, ಮಾವಿನ ಗೆಲ್ಲು ಒಳ್ಳೆಯದು. ಸ್ನಾನಕ್ಕೆ ಹೋದವರಿಗೆಲ್ಲ ಹಸಿವಾಗುತ್ತದೆ ಅಂತ ಮಗಳ ದೂರು.

ನೀವೇ ಎರಡು ಹಂದಿ ಸಾಕಬಾರದಾ ಅಂತ ಕೆಲವರು ಕೇಳುತ್ತಾರೆ. ಯೋಚನೆ ಮಾಡಿದ್ದೆ. 2022ರ ಜುಲೈಯಲ್ಲಿ ಕೊಡಗಿನ ಗಡಿಗೆ ತಾಗಿದ ವಯನಾಡಿನಲ್ಲಿ ಆಫ್ರಿಕನ್ ಹಂದಿ ಜ್ವರ ಬಂತು. ಮನುಷ್ಯರಿಗೆ ಬರುವ ರೋಗ ಅಲ್ಲ, ಆದರೆ ಹಂದಿಗೆ ಬಂದರೆ ಕೊಟ್ಟಿಗೆಯಲ್ಲಿ ಒಂದೂ ಉಳಿಯುವುದು ಕಷ್ಟ. ರೋಗ ಕಂಡಲ್ಲಿ ಸುತ್ತಲಿನ ಸಾಕಣೆಯ ಹಂದಿಗಳನ್ನೂ ಕೊಲ್ಲಬೇಕಾಗುತ್ತದೆ. ಸಾಕುವವರು ಯಾರಾದರೂ ಇದ್ದರೆ ಹೋಟೆಲಿನ ಮುಸುರೆಯನ್ನು ಚೆನ್ನಾಗಿ ಕುದಿಸದೆ ಹಾಕಬೇಡಿ, ಹಂದಿ ಮಾಂಸದ ತುಣುಕಿನಿಂದಲೇ ರೋಗ ಬರಬಹುದು. ಕೊಟ್ಟಿಗೆ ಸುತ್ತ ಬೇಲಿಯೂ ಗಟ್ಟಿ ಇರಲಿ, ಕಾಡುಹಂದಿಯಿಂದಲೂ ಹರಡುತ್ತದೆ. ಕಾಡುಹಂದಿ ಅಂದಾಗ ನೆನಪಾಯಿತು. ಕಳೆದ ವಾರ ಹೊಸ ಅಡಿಕೆ ಸಸಿ ಹನ್ನೊಂದು ಬುಡಮೇಲು ಮಾಡಿ ಹೋಗಿವೆ, ಕೆಸುವಿನ ಗಡ್ಡೆಯೂ ಬಾಕಿ ಇಟ್ಟಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಮುಟ್ಟುವ ಹಾಗಿಲ್ಲ. ಪಂದಿ ಕರಿಗೆ ಆಸೆಪಟ್ಟು ಕೂತವನ ತೋಟಕ್ಕೆ ಪಂದಿ ತಾನೇ ನಡೆದುಕೊಂಡು ಬಂದು ಊಟ ಮಾಡಿ ಹೋಗುವುದನ್ನು ಟಾರ್ಚ್ ಹಿಡಿದು ನೋಡಬೇಕು!

ಈಗ ಕೆಲಸದ ಮಾತು. ಹೋದ ವರ್ಷದ ಬೀಜದಿಂದ ನನ್ನಲ್ಲಿ ಮೂವತ್ತರಷ್ಟು ಉಪ್ಪಾಗೆ ಸಸಿ ಎದ್ದಿವೆ. ಬೀಜ ಮೊಳೆಯಲು ಐದಾರು ತಿಂಗಳು ಬೇಕು, ಹುಟ್ಟಲಿಲ್ಲ ಅಂತ ತೊಟ್ಟೆ ಬಿಸಾಡಬೇಡಿ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿಯಾದರೆ ಹೂ ಬಿಡುವ ತನಕ ಯಾವುದು ಅಂತ ಗೊತ್ತಾಗುವುದಿಲ್ಲ, ಅದಕ್ಕೆ ಹತ್ತು ವರ್ಷ ಹಿಡಿಯಬಹುದು. ಹಾಗಾಗಿ ಹೆಬ್ರಿಯ ಮರದಿಂದ ಕುಡಿ ತಂದು ಕಸಿ ಕಟ್ಟುತ್ತಿದ್ದೇನೆ. ಕಸಿಯದ್ದು ಮೂರು ನಾಲ್ಕು ವರ್ಷಕ್ಕೆ ಹಣ್ಣು ಬಿಡುತ್ತದೆ. ಇದುವರೆಗೆ ಕಟ್ಟಿದ ಹನ್ನೆರಡರಲ್ಲಿ ಏಳು ಹಿಡಿದಿವೆ. ಅಡಿಕೆ ತೋಟದ ಒಳಗೆ ನೆಡಬೇಡಿ, ನೆರಳು ದಟ್ಟ. ತೋಡಿನ ಬದಿ, ಗುಡ್ಡದ ಅಂಚು ಸಾಕು.

ನಿಮ್ಮ ಕುಮ್ಕಿಯಲ್ಲೋ ಬೇಲಿಯಲ್ಲೋ ಹಳದಿ ಹಣ್ಣು ಉದುರುವ ಮರ ಇದ್ದರೆ ದಯವಿಟ್ಟು ಸೌದೆಗೆ ಕಡಿಯುವ ಮೊದಲು ನನಗೆ ಒಂದು ಮಾತು ಹೇಳಿ. ಹೆಬ್ರಿಯದ್ದು ಬಿಟ್ಟು ಬೇರೆ ಎರಡು ಹೆಣ್ಣು ಮರದ ಕುಡಿ ಸಿಕ್ಕಿದರೆ ಒಳ್ಳೆಯದಿತ್ತು. ಈ ಮಳೆ ಮುಗಿಯುವುದರೊಳಗೆ ಕಸಿ ಕಟ್ಟಬೇಕು. ಅವ್ವ ಕೈಲ್‌ಪೋದು ಮುಗಿಸಿ ಸೆಪ್ಟೆಂಬರಿನಲ್ಲಿ ಹದಿನೈದು ದಿನ ಇಲ್ಲಿಗೆ ಬರುತ್ತಾರೆ. ಬರುವಾಗ ಅಣ್ಣನ ಮನೆಯ ಮಣ್ಣಿನ ಪಾತ್ರೆ ತರುತ್ತಾರಂತೆ. ಬಸ್ಸಿನಲ್ಲಿ ಒಡೆಯುತ್ತದೆ, ಬೇಡ ಅಂದಿದ್ದೇನೆ. ಕೇಳುವವರಲ್ಲ.